ಬಿಟ್ಟ ಮೇಲೆ ಎಲ್ಲಿ ಕೂಡಬೇಕು?

ಸಂತೆಕಲ್ಲೂರಿನಿಂದ ಬಸ್ಸು ಹತ್ತಿ. ಒಂದು ಕಡೆ ಲಿಂಗಸುಗೂರು, ಇನ್ನೊಂದು ಕಡೆ ಮಸ್ಕಿ, ಮುಂದೆ ಹೋದರೆ ಸಿಂಧನೂರು. ಕುಡಿಯುವ ಜಾಗ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬೋರ್ಡು ಹೇಳುತ್ತದೆ. ಬೋರ್ಡು ಇಲ್ಲದ ಕಡೆ ಜನ ಹೇಳುತ್ತಾರೆ. ಆದರೆ ಕುಡಿತ ಬಿಟ್ಟವನು ಸಂಜೆ ಆರರ ಮೇಲೆ ಎಲ್ಲಿ ಹೋಗಿ ಕೂಡಬೇಕು ಎಂದು ಕೇಳಿ ನೋಡಿ. ಕಂಡಕ್ಟರನೂ ತಲೆ ಕೆರೆದುಕೊಳ್ಳುತ್ತಾನೆ.

ಕುಡಿತ ಬಿಡಿಸುವ ಮಾತು ನಮ್ಮಲ್ಲಿ ಬೇಕಾದಷ್ಟಿದೆ. ಭಾಷಣ ಇದೆ, ಪ್ರಮಾಣ ಇದೆ, ಶಿಬಿರ ಇದೆ, ಮಠದ ಆಶೀರ್ವಾದ ಇದೆ, ಹೆಂಡತಿ ತವರಿಗೆ ಹೋಗುತ್ತೇನೆ ಎನ್ನುವ ಧಮಕಿಯೂ ಇದೆ. ಬಿಡುವುದು ಒಂದು ದಿನದ ಕೆಲಸ. ಬಿಟ್ಟು ಇರುವುದು ದಿನಾಲೂ ಮಾಡುವ ಕೆಲಸ. ಕೂಲಿ ಕೈಗೆ ಬಂದ ಸಂಜೆ, ಸಂತೆಯ ದಿನ, ಅಳಿಯ ಬಂದ ದಿನ, ಭತ್ತ ತೂಗಿದ ದಿನ, ಜಗಳ ಆದ ದಿನ, ಏನೂ ಆಗದ ದಿನ. ಆ ಹೊತ್ತಿಗೆ ಹಳೆಯ ದೋಸ್ತ ಹೆಗಲ ಮೇಲೆ ಕೈ ಹಾಕುತ್ತಾನೆ:

“ಬಾರೋ ಮಾವಾ, ಒಂದ ನೈಂಟಿ ಹಾಕಿ ಬರೂಣು. ಒಂದರಾಗ ಏನ ಆಗತೈತಿ?”

“ಬಿಟ್ಟೀನಪಾ ನಾ.”

“ಹೌದಾ? ಎಷ್ಟ ದಿನಕ್ಕ ಬಿಟ್ಟೀ?”

ಸುತ್ತ ಇದ್ದವರು ಹೋ ಎಂದು ನಗುತ್ತಾರೆ. ಆ ನಗೆಯಲ್ಲೇ ಅರ್ಧ ಜನ ಮತ್ತೆ ಕುಡಿತಕ್ಕೆ ಹೋಗುವುದು. ಆ ಹೊತ್ತಿನಲ್ಲಿ ಅವನಿಗೆ ಬೇಕಾದದ್ದು ಇನ್ನೊಂದು ಉಪದೇಶ ಅಲ್ಲ. ಕೂಡಲಿಕ್ಕೆ ಒಂದು ಜಾಗ, ಜೊತೆಗೆ ತನ್ನಂತೆಯೇ ಬಿಟ್ಟ ನಾಲ್ಕು ಜನ. ಇವತ್ತಿನ ಅಂಕಣ ಆ ನಾಲ್ಕು ಜನರನ್ನು ಹುಡುಕುವ ಬಗ್ಗೆ.

ಜೋಳಿಗೆಗೆ ಹಾಕಿದ ಚಟ

ನಮ್ಮ ಸೀಮೆಗೆ ಈ ವಿಷಯ ಹೊಸತೇನೂ ಅಲ್ಲ. ಲಿಂಗಸುಗೂರು ತಾಲೂಕಿನ ಆಚೆ, ಬಾಗಲಕೋಟೆ ಜಿಲ್ಲೆಯ ಇಳಕಲ್ಲು ಸೀರೆಗೆ ಹೆಸರಾದ ಊರು. ಅಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಒಂದು ಜೋಳಿಗೆ ಹೆಗಲಿಗೆ ಹಾಕಿಕೊಂಡು ಹೊರಟರು. ಸ್ವಾಮಿಗಳ ಜೋಳಿಗೆ ಎಂದರೆ ಜೋಳವೋ ಕಾಸೋ ಕೇಳುತ್ತದೆ ಎಂದು ಜನ ಬಗೆದರೆ, ಇವರು ಕೇಳಿದ್ದು ಬೇರೆ. ನಿನ್ನ ಕುಡಿತ ಇದರಲ್ಲಿ ಹಾಕು, ಬೀಡಿ ಹಾಕು, ಗುಟಕಾ ಹಾಕು, ನಾನು ಒಯ್ಯುತ್ತೇನೆ ಎಂದರು. ಅದೇ ‘ಮಹಾಂತ ಜೋಳಿಗೆ’. ಕೇರಿ, ಓಣಿ, ಹಟ್ಟಿ ಎನ್ನದೆ ಅವರು ಹೋದರು. ನಾಲ್ಕು ದಶಕಕ್ಕೂ ಮೇಲೆ ಅದೇ ಕೆಲಸ ಮಾಡಿ 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರಕಾರ ಈಗ ‘ವ್ಯಸನಮುಕ್ತ ದಿನ’ ಎಂದು ಆಚರಿಸುತ್ತದೆ.

ಜೋಳಿಗೆಯ ಗುಟ್ಟು ಏನು? ನಾಲ್ಕು ಜನರೆದುರು ಆಡಿದ ಮಾತು. ಮನೆಯೊಳಗೆ ಹೆಂಡತಿಯ ಮುಂದೆ ಆಣೆ ಮಾಡಿದವನು ಸಂಜೆಗೆ ಮರೆಯಬಹುದು. ಊರ ಮುಂದೆ ಜೋಳಿಗೆಗೆ ಹಾಕಿದವನು ಎರಡು ಸಲ ಯೋಚನೆ ಮಾಡುತ್ತಾನೆ. ಆದರೆ ಜೋಳಿಗೆ ಮುಂದಿನ ಊರಿಗೆ ಹೋದ ಮೇಲೆ? ಆ ಮನುಷ್ಯ ಅದೇ ಓಣಿಯಲ್ಲಿ, ಅದೇ ಅಂಗಡಿಯ ಮುಂದೆ ಹಾದು ಮನೆಗೆ ಹೋಗಬೇಕಲ್ಲ! ಸ್ವಾಮಿಗಳು ಮಾಡಬೇಕಾದ್ದು ಮಾಡಿದರು. ಉಳಿದದ್ದು ಊರಿನ ಕೆಲಸ.

ಸಂತೆಕಲ್ಲೂರಿನವರಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ. ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಘನಮಠ ಶಿವಯೋಗಿಗಳ ಊರು ಅದು. ಬಿತ್ತಿ ಬಂದರೆ ಬೆಳೆ ಬರುವುದಿಲ್ಲ, ಎಡೆ ಹೊಡೆಯಬೇಕು, ಕಳೆ ತೆಗೆಯಬೇಕು ಎನ್ನುವುದು ಆ ಊರಿನ ಎಳೆ ಹುಡುಗರಿಗೂ ಗೊತ್ತು.

ನಡೆದವರು ನಮ್ಮ ಹೆಣ್ಣುಮಕ್ಕಳೇ

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯಿತು. ಆವತ್ತು ಅನೇಕ ಮನೆಗಳಲ್ಲಿ ಹಬ್ಬ. ಆದರೆ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂದು ಕೂತಿತು. ಬಾಟಲಿಗೆ ಇಲ್ಲದ ಅನುಕೂಲ ಪ್ಯಾಕೆಟ್ಟಿಗಿದೆ, ಕಿಸೆಯಲ್ಲಿ ಕೂಡುತ್ತದೆ.

ಹನ್ನೆರಡು ವರ್ಷ ಕಳೆದ ಮೇಲೆ, 2019ರ ಜನವರಿ 19ರಂದು, ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೊರಟರು. ‘ಮದ್ಯ ನಿಷೇಧ ಆಂದೋಲನ’ ಎಂಬ ಹೆಸರು. ಇನ್ನೂರು ಕಿಲೋಮೀಟರಿಗೂ ಮೇಲೆ ದಾರಿ. ಗಾಂಧೀಜಿ ತೀರಿಕೊಂಡ ದಿನ, ಜನವರಿ 30ಕ್ಕೆ ಬೆಂಗಳೂರು ಮುಟ್ಟಿದರು. ಅದರಲ್ಲಿ ಮುಂದೆ ನಿಂತವರು ರಾಯಚೂರು ಜಿಲ್ಲೆಯ ಕೂಲಿ ಹೆಂಗಸರು. ಹರಿದ ಚಪ್ಪಲಿ, ತಲೆಯ ಮೇಲೆ ಬುತ್ತಿ ಗಂಟು. ಲೈಸೆನ್ಸು ಇಲ್ಲದ ಕಿರಾಣಿ ಅಂಗಡಿ, ಪಾನ್ ಅಂಗಡಿ, ಚಹಾದಂಗಡಿಗಳಲ್ಲೂ ಸೆರೆ ಸಿಗುತ್ತದೆ ಎನ್ನುವುದು ಅವರ ದೊಡ್ಡ ದೂರು.

ಸರಕಾರಕ್ಕೆ ಅಬಕಾರಿ ಎಂದರೆ ಹಾಲು ಕರೆಯುವ ಎಮ್ಮೆ. 2023-24ರಲ್ಲಿ ಅದರಿಂದ ಬಂದದ್ದು 30 ಸಾವಿರ ಕೋಟಿ ರೂಪಾಯಿಗೂ ಮೇಲೆ. ಎಮ್ಮೆಯನ್ನು ಯಾರು ಮಾರುತ್ತಾರೆ? ನಿಷೇಧ ಆದೀತೋ ಇಲ್ಲವೋ ಅದು ದೊಡ್ಡವರ ಪಂಚಾಯಿತಿ. ಆ ಪಂಚಾಯಿತಿ ಮುಗಿಯುವ ತನಕ ಇವತ್ತು ಸಂಜೆ ಕುಡಿಯದೆ ಇರಬೇಕು ಎಂದುಕೊಂಡವನು ಏನು ಮಾಡಬೇಕು?

ದಿಲ್ಲಿಯ ಏಮ್ಸ್ ಆಸ್ಪತ್ರೆಯವರು ದೇಶದ ತುಂಬ ಸಮೀಕ್ಷೆ ಮಾಡಿ 2019ರಲ್ಲಿ ಲೆಕ್ಕ ಕೊಟ್ಟರು. ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ. ಅವರಲ್ಲಿ 5 ಕೋಟಿ 70 ಲಕ್ಷ ಜನರಿಗೆ ಕುಡಿತದಿಂದ ತೊಂದರೆಯಾಗಿದೆ, ನೆರವು ಬೇಕು. ಚಟ ಹಿಡಿದ 38 ಜನರಲ್ಲಿ ಏನಾದರೂ ಒಂದು ಚಿಕಿತ್ಸೆ ಸಿಕ್ಕಿದ್ದು ಒಬ್ಬನಿಗೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದದ್ದು 180ರಲ್ಲಿ ಒಬ್ಬ. ಮಿಕ್ಕವರು ಎಲ್ಲಿ? ನಮ್ಮ ಜೊತೆ ಬಸ್ಸಿನಲ್ಲಿ ಇದ್ದಾರೆ, ನಮ್ಮ ಅಂಗಡಿಗೆ ಉದ್ರಿ ಕೇಳಲು ಬರುತ್ತಾರೆ, ನಮ್ಮ ಮನೆಯಲ್ಲೂ ಇದ್ದಾರು.

ಮೊದಲು ಡಾಕ್ಟರು, ಆಮೇಲೆ ಉಳಿದದ್ದು

ಕೂಟ ಹುಡುಕುವ ಮೊದಲು ಒಂದು ಮಾತು. ಇದು ಜೀವದ ಪ್ರಶ್ನೆ, ದಯವಿಟ್ಟು ಎರಡು ಸಲ ಓದಿ.

ವರ್ಷಗಟ್ಟಲೆ ದಿನಾಲೂ ಬೆಳಿಗ್ಗೆಯಿಂದ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ದೇಹ ತಿರುಗಿ ಬೀಳುತ್ತದೆ. ಮೊದಲ ದಿನ ಕೈ ನಡುಗುತ್ತದೆ, ಬೆವರು, ವಾಂತಿ, ನಿದ್ದೆ ಇಲ್ಲ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಒಳಗೆ ಕೆಲವರಿಗೆ ಬುದ್ಧಿ ಕದಡುತ್ತದೆ. ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಯಾರೋ ಕರೆದಂತೆ ಕೇಳುತ್ತದೆ, ಹೆಂಡತಿ ಮಕ್ಕಳ ಗುರುತು ಹತ್ತುವುದಿಲ್ಲ. ಹಳ್ಳಿಯಲ್ಲಿ ಏನು ಮಾಡುತ್ತಾರೆ? ದೆವ್ವ ಬಡಿದಿದೆ ಎಂದು ಮಂತ್ರಿಸುವವನ ಹತ್ತಿರ ಒಯ್ಯುತ್ತಾರೆ, ಇಲ್ಲವೇ ಕಂಬಕ್ಕೆ ಕಟ್ಟುತ್ತಾರೆ. ಅದು ದೆವ್ವ ಅಲ್ಲ, ಕುಡಿತ ನಿಂತದ್ದರ ಹೊಡೆತ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಪ್ರಾಣ ಹೋದೀತು. ಆಸ್ಪತ್ರೆಗೆ ಒಯ್ದರೆ ನಡುಕ ತಡೆಯುವ ಮಾತ್ರೆ, ಬಿ-1 ಜೀವಸತ್ವದ ಇಂಜೆಕ್ಷನ್ನು ಕೊಟ್ಟು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ದಡ ಮುಟ್ಟಿಸುತ್ತಾರೆ.

ಆದ್ದರಿಂದ ಭಾರೀ ಕುಡಿಯುವವನಿಗೆ “ಇವತ್ತಿನಿಂದ ಬಂದ್, ಕೋಣೆಯಲ್ಲಿ ಹಾಕಿ ಕೀಲಿ ಜಡಿಯಿರಿ” ಎನ್ನುವ ಗಂಡಸ್ತನದ ವೈದ್ಯ ಬೇಡ. ಶಿಬಿರಕ್ಕೆ ಹೋಗುವುದಾದರೂ ಮೊದಲು ಡಾಕ್ಟರಿಗೆ ತೋರಿಸಿ. ಹಿಂದೆ ಫಿಟ್ಸ್ ಬಂದಿತ್ತೇ, ಸಕ್ಕರೆ ರೋಗ ಇದೆಯೇ, ಕಾಮಾಲೆ ಆಗಿತ್ತೇ, ಎಲ್ಲ ಬಾಯಿ ಬಿಟ್ಟು ಹೇಳಿ.

ಇನ್ನೊಂದು. “ಅವರಿಗೆ ಗೊತ್ತಾಗದಂಗ ಸಾರಿನ್ಯಾಗ ಕಲಸಿ ಕೊಡ್ರಿ” ಎಂದು ಪುಡಿ ಮಾರುವವರಿದ್ದಾರೆ. ಕುಡಿದರೆ ಮೈ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿ ಬರುವ ಡೈಸಲ್ಫಿರಾಮ್ ಎಂಬ ಮಾತ್ರೆ ಡಾಕ್ಟರ ಬಳಿ ಇರುವುದು ನಿಜ. ಆದರೆ ಅದನ್ನು ಕೊಡುವುದು ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿ. ಕದ್ದು ಕೊಟ್ಟು, ಅವನು ಅದರ ಮೇಲೆ ಕುಡಿದರೆ, ಹೃದಯಕ್ಕೇ ಕುತ್ತು. ಕುಡಿಯಬೇಕೆನ್ನುವ ತುಡಿತ ತಗ್ಗಿಸುವ ಬೇರೆ ಔಷಧಗಳೂ ಈಗ ಇವೆ, ಕೇಳಿ ಪಡೆಯಿರಿ.

ಹೋಟೆಲಿನ ಟೆಲಿಫೋನು

ಈಗ ಕೂಟದ ಮಾತು. ಇದು ಎಲ್ಲಿ ಹುಟ್ಟಿತು ಎಂದು ತಿಳಿದರೆ ನಿಮಗೆ ಅಚ್ಚರಿಯಾದೀತು. ಅದು ಹುಟ್ಟಿದ್ದು ಪರಊರಿನಲ್ಲಿ ಕೆಲಸ ಕೆಟ್ಟು ನಿಂತ ಒಬ್ಬ ವ್ಯಾಪಾರಸ್ಥನ ಟೆಲಿಫೋನಿನಲ್ಲಿ.

1935ರ ಮೇ ತಿಂಗಳು. ಅಮೆರಿಕದ ಅಕ್ರಾನ್ ಎಂಬ ಊರು. ನ್ಯೂಯಾರ್ಕಿನಲ್ಲಿ ಷೇರು ವ್ಯವಹಾರ ಮಾಡುತ್ತಿದ್ದ ಬಿಲ್ ವಿಲ್ಸನ್ ಎಂಬಾತ ಅಲ್ಲಿಗೆ ಬಂದಿದ್ದ. ಬಂದ ಕೆಲಸ ಕೆಟ್ಟಿತು. ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು ಅಷ್ಟೆ. ಹೋಟೆಲಿನಲ್ಲಿ ಒಂದು ಕಡೆ ಬಾರು, ನಗು, ಗದ್ದಲ. ಇನ್ನೊಂದು ಕಡೆ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ನಂಬರಿನ ಪಟ್ಟಿ. ಬಿಲ್ ಟೆಲಿಫೋನಿನ ಕಡೆ ಹೋದ. ಒಂದಾದ ಮೇಲೊಂದು ನಂಬರು ತಿರುಗಿಸಿ, ಈ ಊರಿನಲ್ಲಿ ನನ್ನಂಥ ಕುಡುಕ ಇನ್ನೊಬ್ಬ ಯಾರಾದರೂ ಇದ್ದಾನೆಯೇ, ಅವನ ಜೊತೆ ಮಾತಾಡಬೇಕು ಎಂದು ಕೇಳಿದ.

ಕೊನೆಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಆಪರೇಷನ್ ಮಾಡುವ ಸರ್ಜನ್, ಜೊತೆಗೆ ಪಕ್ಕಾ ಕುಡುಕ. ಹದಿನೈದು ನಿಮಿಷ ಮಾತ್ರ ಕೂಡುತ್ತೇನೆ ಎಂದು ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು. ಯಾಕೆ ಗೊತ್ತೇ? ಎದುರಿಗೆ ಕೂತವನು ಉಪದೇಶ ಮಾಡಲಿಲ್ಲ, ತನ್ನ ಕಥೆ ಹೇಳಿದ. ಡಾಕ್ಟರಿಗೆ ಅದು ತನ್ನದೇ ಕಥೆ ಅನಿಸಿತು. ನಡುವೆ ಒಂದು ಸಲ ಜಾರಿದರೂ ಆ ಜೂನ್ 10ರಂದು ಡಾಕ್ಟರು ಕಡೆಯ ಸಲ ಕುಡಿದರು. ಆ ದಿನವನ್ನೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’, ಚಿಕ್ಕದಾಗಿ ‘ಎ.ಎ.’ ಎಂಬ ಕೂಟ ಹುಟ್ಟಿದ ದಿನ ಎನ್ನುತ್ತಾರೆ. ಹೆಸರಿನ ಅರ್ಥ, ಹೆಸರು ಹೇಳದ ಕುಡುಕರು ಎಂದು. ಅದು ಭಾರತಕ್ಕೂ ಬಂದು ದಶಕಗಳಾದವು. ದೇಶದ ಕಚೇರಿ ಮುಂಬೈಯಲ್ಲಿದೆ. ನಮ್ಮ ರಾಜ್ಯದಲ್ಲೂ ಕನ್ನಡದಲ್ಲೇ ನಡೆಯುವ ಕೂಟಗಳಿವೆ.

ಕೂಟದಲ್ಲಿ ಏನು ನಡೆಯುತ್ತದೆ? ಒಂದು ಕೋಣೆ, ಹತ್ತಾರು ಕುರ್ಚಿ, ಚಹಾ. ಒಬ್ಬ ಎದ್ದು ತನ್ನ ಹೆಸರಷ್ಟೇ ಹೇಳುತ್ತಾನೆ. ಅಡ್ಡಹೆಸರು ಬೇಡ, ಜಾತಿ ಬೇಡ, ಕೆಲಸ ಬೇಡ. ತಾನು ಎಲ್ಲಿ ಬಿದ್ದೆ, ಹೇಗೆ ಎದ್ದೆ, ಈ ವಾರ ಎಲ್ಲಿ ಕಾಲು ಜಾರುವುದರಲ್ಲಿತ್ತು ಎಂದು ಹೇಳುತ್ತಾನೆ. ಉಳಿದವರು ನಡುವೆ ಬಾಯಿ ಹಾಕುವುದಿಲ್ಲ. ಫೀಸು ಇಲ್ಲ, ರಿಜಿಸ್ಟರು ಇಲ್ಲ. ಚಹಾ, ಬಾಡಿಗೆಯ ಖರ್ಚಿಗೆ ಇದ್ದವರು ಇದ್ದಷ್ಟು ಹಾಕುತ್ತಾರೆ. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ, ಎಷ್ಟು ದೊಡ್ಡ ಸಾಹುಕಾರನಾದರೂ ಸರಿ. ಸೇರಲು ಒಂದೇ ಷರತ್ತು, ಕುಡಿತ ಬಿಡಬೇಕು ಎನ್ನುವ ಮನಸ್ಸು. ಜನ್ಮಪೂರ್ತಿ ಬಿಟ್ಟೆ ಎನ್ನಿಸುವುದೂ ಇಲ್ಲ. ಇವತ್ತೊಂದು ದಿನ ಕುಡಿಯುವುದಿಲ್ಲ, ಅಷ್ಟೆ. ನಾಳೆಯದು ನಾಳೆ.

ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ. ಯಾವ ದೇವರು ಎಂದು ಯಾರೂ ಕೇಳುವುದಿಲ್ಲ. ಬಸವಣ್ಣನವರೋ, ಅಲ್ಲಾನೋ, ಯೇಸುವೋ, ಹನುಮಪ್ಪನೋ ನಿಮ್ಮಿಷ್ಟ. ದೇವರನ್ನು ನಂಬದವನೂ ಬಂದು ಕೂಡಬಹುದು.

ಇದರಿಂದ ಉಪಯೋಗ ಇದೆಯೇ, ಬರೀ ಹರಟೆಯೇ ಎಂದು ಅಂಗಡಿಕಾರರು ಕೇಳುವುದು ನ್ಯಾಯ, ಲೆಕ್ಕ ಬೇಕಲ್ಲ. 27 ಅಧ್ಯಯನ, ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕವನ್ನು ಕೂಡಿಸಿ ನೋಡಿದ ವರದಿಯೊಂದು 2020ರಲ್ಲಿ ಬಂತು. ಪೂರ್ತಿ ಬಿಟ್ಟು ಇರುವ ವಿಷಯದಲ್ಲಿ, ಜನರನ್ನು ಇಂಥ ಕೂಟದ ದಾರಿಗೆ ಹಚ್ಚುವ ಚಿಕಿತ್ಸೆ ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಒಂದು ಕೈ ಮೇಲೆ ಎಂದು ಅದು ಹೇಳಿತು. ಎಲ್ಲರಿಗೂ ಒಗ್ಗುತ್ತದೆ ಎಂದಲ್ಲ. ಆದರೆ ಕಾಸಿಲ್ಲದೆ ಸಿಗುವ ಮದ್ದು ಇಷ್ಟು ಕೆಲಸ ಮಾಡಿದರೆ ಬೇಡ ಎನ್ನುವವರು ಯಾರು?

ಬಿಲ್ಲನ ಹೆಂಡತಿ ಲೋಯಿಸ್ ಸುಮ್ಮನೆ ಕೂಡಲಿಲ್ಲ. ಕುಡುಕರ ಮನೆಯವರಿಗೂ ಒಂದು ಕೂಟ ಬೇಕು ಎಂದು 1951ರಲ್ಲಿ ‘ಆಲ್-ಅನಾನ್’ ಕಟ್ಟಿದರು. ನಮ್ಮ ಕಡೆ ಇದರ ಅಗತ್ಯ ಇನ್ನೂ ಹೆಚ್ಚು. “ನಮ್ಮ ಮನಿಯವ್ರು ಎಂಟ ದಿನ ಆತ್ರಿ ಮುಟ್ಟಿಲ್ಲ, ಆದ್ರ ನನಗ ನಿದ್ದಿ ಬರೂದಿಲ್ಲ” ಎನ್ನುವ ತಾಯಂದಿರಿಗೆ ಬಾಗಿಲ ಸಪ್ಪಳದ ಅಂಜಿಕೆ ಹೋಗಲು ವರ್ಷ ಬೇಕು.

ಎಂಟು ದಿನದ ಶಿಬಿರ, ಒಂಬತ್ತನೇ ದಿನದ ಸಮಿತಿ

ಕನ್ನಡ ನೆಲದಲ್ಲೇ ಬೆಳೆದ ದಾರಿ ಒಂದಿದೆ. 1982ರಲ್ಲಿ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ‘ಮದ್ಯವರ್ಜನ ಶಿಬಿರ’. ಊರಿನ ಕಲ್ಯಾಣ ಮಂಟಪವೋ ಸಮುದಾಯ ಭವನವೋ ಹಿಡಿದು, ಊರಿನವರದೇ ಸಮಿತಿ ಮಾಡಿ, ಎಂಟು ದಿನ ಅಲ್ಲೇ ಇರಿಸಿಕೊಳ್ಳುತ್ತಾರೆ. ವ್ಯಾಯಾಮ, ಭಜನೆ, ಡಾಕ್ಟರ ಮಾತು, ಮನೆಯವರನ್ನು ಕರೆಸಿ ಎದುರು ಕೂಡಿಸುವುದು. ಗಂಡ ಹೆಂಡತಿ ಇಬ್ಬರೂ ಅಳುವ ದಿನ ಒಂದಿರುತ್ತದೆ.

ಈ ಅಂಕಣಕ್ಕೆ ಬೇಕಾದ್ದು ಒಂಬತ್ತನೇ ದಿನದ್ದು. ಶಿಬಿರ ಮುಗಿಸಿದವರನ್ನು ಹಾಗೇ ಬಸ್ಸು ಹತ್ತಿಸಿ ಬಿಡದೆ ‘ನವಜೀವನ ಸಮಿತಿ’ ಎಂದು ಕಟ್ಟುತ್ತಾರೆ. ಬಿಟ್ಟವರು ಆಗಾಗ ಸೇರಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಸಮಿತಿ. ಬರದವನ ಮನೆಗೆ ಹೋಗುತ್ತಾರೆ. ಅಕ್ರಾನಿನ ಇಬ್ಬರು ಕಂಡುಕೊಂಡದ್ದನ್ನೇ ನೇತ್ರಾವತಿ ದಂಡೆಯವರೂ ಕಂಡುಕೊಂಡರು. ಬಿಟ್ಟವನನ್ನು ಕಾಯುವವನು ಬಿಟ್ಟ ಇನ್ನೊಬ್ಬನೇ. ಶಿಬಿರಕ್ಕೆ ಹೆಸರು ಕೊಡುವಾಗ ಕೇಳಬೇಕಾದ ಪ್ರಶ್ನೆಯೂ ಅದೇ: “ಮುಗಿದ ಮ್ಯಾಲೆ ನಮ್ಮ ಕಡೆ ಸಮಿತಿ ಎಲ್ಲಿ ಸೇರತೈತ್ರಿ?”

ಹುಡುಕುವುದು ಹೀಗೆ

ಸಂತೆಕಲ್ಲೂರಿನವರು, ಮಸ್ಕಿ, ಸಿಂಧನೂರು, ಲಿಂಗಸುಗೂರಿನವರು ಈ ಭಾಗ ಕತ್ತರಿಸಿ ಇಟ್ಟುಕೊಂಡರೂ ಅಡ್ಡಿಯಿಲ್ಲ.

ಒಂದು: ತಾಲೂಕು ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕೆಳಗೆ ಮನೋರೋಗ ತಜ್ಞರು ತಾಲೂಕಿಗೆ ಬರುವ ಏರ್ಪಾಟು ಇದೆ. ‘ಮನೋಚೈತನ್ಯ’ ಎಂದು ಅದರ ಹೆಸರು, ಮಂಗಳವಾರದ ಕ್ಲಿನಿಕ್ಕು. ಚೀಟಿ ಬರೆಯುವ ಕೌಂಟರಿನಲ್ಲಿ ದಿನ ಕೇಳಿಕೊಂಡು ಹೋಗಿ. ಹುಚ್ಚಿನ ಡಾಕ್ಟರು ಎಂದು ನಾಚಬೇಕಾಗಿಲ್ಲ. ಈ ಇಡೀ ಕಾರ್ಯಕ್ರಮದ ಬೇರೇ ನಮ್ಮ ಪಕ್ಕದ ಜಿಲ್ಲೆಯದು. 1985ರಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ನರ್ಸುಗಳಿಗೆ ತರಬೇತಿ ಕೊಟ್ಟು ಮಾಡಿ ತೋರಿಸಿದ್ದನ್ನೇ 1996ರಲ್ಲಿ ದೇಶದ ಯೋಜನೆ ಮಾಡಿದರು.

ಎರಡು: ರಾಯಚೂರಿನ ರಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗ. ಫಿಟ್ಸ್ ಬಂದವರು, ಬುದ್ಧಿ ಕದಡಿದವರು ಸೀದಾ ಅಲ್ಲಿಗೆ.

ಮೂರು: ಫೋನು. 14416 ಎಂದು ಒತ್ತಿದರೆ ‘ಟೆಲಿ ಮಾನಸ್’. 2022ರ ಅಕ್ಟೋಬರ್ 10ರಂದು ಶುರುವಾದ ಸರಕಾರಿ ಸೇವೆ. ಹಗಲು ರಾತ್ರಿ ಇದೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡಿಸುವ ಕೇಂದ್ರಗಳ ಬಗ್ಗೆ ಕೇಳಲು ಕೇಂದ್ರ ಸರಕಾರದ್ದು 14446. ಅದಕ್ಕೂ ಕಾಸಿಲ್ಲ. ಕುಡಿಯುವವನೇ ಮಾಡಬೇಕೆಂದಿಲ್ಲ, ಅವನ ತಾಯಿ, ಹೆಂಡತಿ, ಅಣ್ಣ ಯಾರಾದರೂ ಮಾಡಬಹುದು.

ನಾಲ್ಕು: ಧರ್ಮಸ್ಥಳ ಯೋಜನೆಯ ತಾಲೂಕು ಕಚೇರಿ. ಮುಂದಿನ ಶಿಬಿರ ಎಲ್ಲಿ, ನವಜೀವನ ಸಮಿತಿ ಎಲ್ಲಿ ಎಂದು ವಿಚಾರಿಸಿ. ಓಣಿಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಕಚೇರಿಯ ದಾರಿ ಗೊತ್ತಿರುತ್ತದೆ.

ಐದು: ಎ.ಎ. ಕೂಟ. ಅವರ ಭಾರತದ ಕಚೇರಿಗೆ ಫೋನು ಮಾಡಿ ಹತ್ತಿರದ ಕೂಟ ಯಾವುದು ಎಂದು ಕೇಳಬಹುದು. ಬಸ್ಸಿಗೆ ದೂರ ಆದರೆ ಮೊಬೈಲಿನಲ್ಲಿ ನಡೆಯುವ ಕೂಟವೂ ಇದೆ. ಕೊರೊನಾ ಕಾಲದಿಂದ ಅದು ಹೆಚ್ಚಾಯಿತು. ಹೊಲದ ಬದುವಿನ ಮೇಲೆ ಕೂತು ಕೇಳಿದರೂ ಕೂಟ ಕೂಟವೇ.

ಜೊತೆಗೆ ಒಂದು ಎಚ್ಚರಿಕೆ. ಗ್ಯಾರಂಟಿ ಬಿಡಿಸುತ್ತೇವೆ, ಇಷ್ಟು ಸಾವಿರ ಮುಂಗಡ ಕೊಡಿ, ಮನೆಯವರು ಬಂದು ನೋಡುವಂತಿಲ್ಲ ಎನ್ನುವ ಕೇಂದ್ರ ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯಿರಿ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಪೂರ್ತಿ ನಿಷೇಧಿಸಿದೆ. ಕುಡಿತದಿಂದ ಬಂದ ಕಾಯಿಲೆಯೂ ಆ ಕಾಯಿದೆಯ ಒಳಗೇ ಬರುತ್ತದೆ. ರಿಜಿಸ್ಟ್ರೇಷನ್ ತೋರಿಸಿ ಎನ್ನುವ ಹಕ್ಕು ನಿಮಗಿದೆ. ಡಾಕ್ಟರು ಯಾರು, ದಿನಾಲೂ ಬರುತ್ತಾರೋ ಎಂದು ಕೇಳಿ.

ಹತ್ತಿರ ಇಲ್ಲದಿದ್ದರೆ?

ಬಸ್ಸು ಹತ್ತಿ ಇಳಿದು, ಕೂಟ ಮುಗಿಸಿ ಬರುವಷ್ಟರಲ್ಲಿ ಊರಿಗೆ ಕಡೆಯ ಬಸ್ಸು ಹೋಗಿರುತ್ತದೆ ಎನ್ನುವವರಿಗೆ ಒಂದೇ ಮಾತು. ಅಕ್ರಾನಿನಲ್ಲೂ ಮೊದಲು ಕೂಟ ಇರಲಿಲ್ಲ. ಇಬ್ಬರು ಸೇರಿದರು, ಅದೇ ಕೂಟವಾಯಿತು. ಸಂತೆಕಲ್ಲೂರಿನಲ್ಲಿ ಬಿಟ್ಟವರು ಇಬ್ಬರು ಇಲ್ಲ ಎಂದರೆ ನಂಬುವವರು ಯಾರು?

ಹಳ್ಳಿಯಲ್ಲಿ ಹೆಸರು ಮುಚ್ಚಿಡುವುದು ಹೇಗೆ ಎಂದು ಕೇಳುತ್ತೀರಿ. ನಿಜ, ಯಾರು ಎಲ್ಲಿ ಬಿದ್ದಿದ್ದ ಎಂದು ಊರಿಗೆಲ್ಲ ಗೊತ್ತು. ಹಳ್ಳಿಯಲ್ಲಿ ಮುಚ್ಚಿಡಬೇಕಾದ್ದು ಹೆಸರಲ್ಲ, ಆಡಿದ ಮಾತು. ಕೋಣೆಯಲ್ಲಿ ಹೇಳಿದ್ದು ಕೋಣೆಯಲ್ಲೇ ಉಳಿಯಬೇಕು. ಆ ಒಂದು ಕಟ್ಟಳೆ ಮುರಿದರೆ ಕೂಟ ಎರಡನೇ ವಾರಕ್ಕೆ ಮುಗಿಯಿತು. ಆದ್ದರಿಂದ ಜನ ಓಡಾಡುವ ಗುಡಿಕಟ್ಟೆ ಬೇಡ. ಶಾಲೆಯ ಒಂದು ಕೋಣೆ, ಮಠದ ಹಿಂದಿನ ಪಡಸಾಲೆ, ಅಂಗಡಿಯ ಮೇಲಿನ ಗೋದಾಮು ಸಾಕು. ವಾರಕ್ಕೆ ಒಂದು ದಿನ, ಒಂದೇ ಹೊತ್ತು, ಮಳೆ ಬಂದರೂ ತಪ್ಪಿಸದೆ. ಆ ದಿನವನ್ನು ಸಂತೆಯ ದಿನವೇ ಇಟ್ಟರೆ ಇನ್ನೂ ಒಳ್ಳೆಯದು. ಕೈಯಲ್ಲಿ ದುಡ್ಡು ಇರುವ ಸಂಜೆಯೇ ಕಾಲು ಜಾರುವ ಸಂಜೆ.

ಅಂಗಡಿಯ ಸಾವಕಾರರೇ, ನಿಮಗೆ ಮೂರು ವಿನಂತಿ. ನಿಮ್ಮ ಅಂಗಡಿಯಲ್ಲಿ ಪ್ಯಾಕೆಟ್ಟು ಇದ್ದರೆ ಇವತ್ತೇ ತೆಗೆಯಿರಿ. ಆ ಲಾಭ ಎಲ್ಲಿಂದ ಬರುತ್ತದೆಂದು ನಿಮ್ಮ ಉದ್ರಿ ಪುಸ್ತಕದಲ್ಲೇ ಇದೆ. ಸೆರೆಗೆ ರೊಕ್ಕ ಕೊಟ್ಟವನ ಮನೆಯವಳೇ ಅಕ್ಕಿಗೆ ಉದ್ರಿ ಕೇಳುವುದು. ಎರಡನೆಯದು, ವಾರಕ್ಕೆ ಎರಡು ಗಂಟೆ ಖಾಲಿ ಬೀಳುವ ಕೋಣೆ ಇದ್ದರೆ ಕೀಲಿ ಕೊಡಿ. ಬಾಡಿಗೆ ಕೊಡುತ್ತೇವೆ ಎಂದರೆ ಒಂದು ರೂಪಾಯಿಯಾದರೂ ತೆಗೆದುಕೊಳ್ಳಿ, ಅವರಿಗೆ ಅದು ಮರ್ಯಾದೆ. ಮೂರನೆಯದು, 14416 ಎಂಬ ಐದು ಅಂಕಿಯನ್ನು ಕಾಗದದ ಮೇಲೆ ಬರೆದು ತಕ್ಕಡಿಯ ಹಿಂದೆ ಅಂಟಿಸಿ. ಯಾರು ಓದಿಕೊಂಡು ಹೋದರೋ ನಿಮಗೆ ಗೊತ್ತಾಗುವುದೇ ಇಲ್ಲ.

ಬಸ್ಸಿನ ಪ್ರಯಾಣಿಕರೇ, ನಿಮಗೆ ಒಂದೇ. ಬಿಟ್ಟೆ ಎಂದವನನ್ನು ಎಷ್ಟು ದಿನಕ್ಕೆ ಎಂದು ಕೇಳಬೇಡಿ. ಮತ್ತೆ ಕುಡಿದ ಎಂದು ಕೇಳಿದರೆ ನಾ ಹೇಳಿರಲಿಲ್ಲವೇ ಎನ್ನಬೇಡಿ. ಸಕ್ಕರೆ ರೋಗದವನಿಗೆ ಸಕ್ಕರೆ ಏರಿದರೆ ನಗುತ್ತೇವೆಯೇ? ಮತ್ತೆ ಡಾಕ್ಟರ ಹತ್ತಿರ ಕಳಿಸುತ್ತೇವೆ. ಇದೂ ಹಾಗೆಯೇ. ಬಿದ್ದವನು ಮುಂದಿನ ವಾರ ಕೂಟಕ್ಕೆ ತಿರುಗಿ ಬಂದರೆ ಸೋತ ಎಂದು ಅರ್ಥವಲ್ಲ. ಬರದಿದ್ದರೆ ಯಾರಾದರೂ ಒಬ್ಬರು ಹೋಗಿ ಬಾಗಿಲು ಬಡಿಯಬೇಕು.

ಇನ್ನು ಬಿಟ್ಟು ನಾಲ್ಕು ದಿನವೋ ನಾಲ್ಕು ವರ್ಷವೋ ಆದ ಮಹಾಶಯರೇ, ಈ ಪೇಪರು ಓದುತ್ತಿದ್ದರೆ ನಿಮಗೆ ಹೇಳುವುದು ಇಷ್ಟೆ. ನಿಮ್ಮ ಓಣಿಯಲ್ಲಿ ಇವತ್ತು ಸಂಜೆ ಒಬ್ಬ ಹೊಸದಾಗಿ ಬಿಟ್ಟವನಿದ್ದಾನೆ. ಆರು ಗಂಟೆಗೆ ಎಲ್ಲಿ ಹೋಗಬೇಕೆಂದು ಅವನಿಗೆ ತಿಳಿಯದು. ಅವನನ್ನು ಕರೆದು ಒಂದು ಚಹಾ ಕುಡಿಸಿ. ಉಪದೇಶ ಬೇಡ, ನಿಮ್ಮ ಕಥೆ ಹೇಳಿ. ಎದ್ದು ಹೋಗುವಾಗ ಒಂದೇ ಮಾತು ಕೇಳಿದರೆ ಸಾಕು: “ತಮ್ಮಾ, ಮುಂದಿನ ವಾರ ಇದ ಹೊತ್ತಿಗೆ ಬರ್ತೀಯೇನಪಾ?”